ಆರನೆಯ ಮೀನು

ಟ್ವೈಲಾ ಹಾರ್ಗೆಟ್‌ಗೆ ಎಣಿಸುವುದು ಒಂದು ಚಟವಾಗಿಬಿಟ್ಟಿತ್ತು. ಇಪ್ಪತ್ತೆರಡು ವರ್ಷದಿಂದ ಕೋಲಿ ಫೆರಿ ಊರಿನ ಶಾಲೆ ಬಸ್ಸು ಓಡಿಸುತ್ತಿದ್ದವಳು ಅವಳು. ಬೆಳಿಗ್ಗೆ ನಲವತ್ತೊಂದು ಮಕ್ಕಳು ಹತ್ತಿದರೆ ಶಾಲೆಯ ಮುಂದೆ ನಲವತ್ತೊಂದೂ ಇಳಿಯಬೇಕು. ಆಮೇಲೆ ಕೊನೆಯ ಸೀಟಿನ ತನಕ ನಡೆದು, ಯಾವ ಕೂಸೂ ಮುದುರಿಕೊಂಡು ನಿದ್ದೆ ಹೋಗಿಲ್ಲ ಅಂತ ಕಣ್ಣಾರೆ ನೋಡಬೇಕು. ಕೆಲಸದ ಹೊತ್ತಿನಲ್ಲಿ ಮಾತ್ರ ಹೀಗಿದ್ದರೆ ಚೆನ್ನಾಗಿತ್ತು. ತಟ್ಟೆಯಲ್ಲಿ ರೊಟ್ಟಿ ಎಷ್ಟಿವೆ, ಚರ್ಚಿನ ಮುಂದಿನ ಸಾಲಿನಲ್ಲಿ ಎಷ್ಟು ಜನ ತೂಕಡಿಸುತ್ತಿದ್ದಾರೆ, ಎಲ್ಲ ಅವಳ ತಲೆಯಲ್ಲಿ ತಾನಾಗಿಯೇ ಲೆಕ್ಕವಾಗುತ್ತಿತ್ತು. ಆ ಹಾಳು ಚಟ ಇಲ್ಲದಿದ್ದರೆ ಆ ಅಕ್ಟೋಬರ್ ಶನಿವಾರ ಅವಳ ನೆಮ್ಮದಿ ಕೆಡುತ್ತಿರಲಿಲ್ಲ.

ಅವಳಪ್ಪ ಬರ್ಲ್ ಹಾರ್ಗೆಟ್‌ಗೆ ಆಗ ಎಪ್ಪತ್ತನಾಲ್ಕು. ಮೂವತ್ತೆಂಟು ವರ್ಷ ಟೈರು ಕಾರ್ಖಾನೆಯಲ್ಲಿ ದುಡಿದ ಮನುಷ್ಯ. ಆದರೆ ಅದನ್ನು ಅವನ ಬದುಕು ಅಂತ ಯಾರೂ ಹೇಳುವುದಿಲ್ಲ, ಅವನಂತೂ ಹೇಳುವುದೇ ಇಲ್ಲ. ಅವನ ಬದುಕು ಶನಿವಾರದ್ದು. ಮಾರ್ಚಿನಿಂದ ಅಕ್ಟೋಬರ್‌ವರೆಗೆ, ಒಂದು ಶನಿವಾರ ಬಿಟ್ಟು ಒಂದು ಶನಿವಾರ, ನಮ್ಮ ಕೆರೆಯಲ್ಲಿ ಗಾಳ ಹಾಕಿ ಬಾಸ್ ಮೀನು ಹಿಡಿಯುವ ಪಂದ್ಯ ನಡೆಯುತ್ತದೆ. ದೋಣಿಗೆ ಇಬ್ಬರು. ನಡೆಸುವವನು ಗಾಳದ ಅಂಗಡಿ ಇಟ್ಟಿರುವ ವೆಂಡಲ್ ಸ್ಕ್ಯಾಗ್ಸ್. ವರ್ಷದ ಕೊನೆಗೆ ಗೆದ್ದ ಜೋಡಿಯ ಹೆಸರನ್ನು ವೆಂಡಲ್ ತನ್ನ ಕೈಯಾರೆ ಬಿಳಿ ಬಣ್ಣದಲ್ಲಿ ಅಂಗಡಿಯ ಗೋಡೆಯ ಹಲಗೆಯ ಮೇಲೆ ಬರೆಯುತ್ತಾನೆ. ಅವನ ಅಕ್ಷರವೋ, ಕೋಳಿ ಕೆರೆದ ಹಾಗೆ. ಆದರೂ ಆ ಹಲಗೆಯಲ್ಲಿ ಹೆಸರು ಬರಲಿ ಅಂತ ಜೀವ ಬಿಡುವ ಗಂಡಸರು ಈ ಊರಲ್ಲಿ ನಲವತ್ತು ಜನರಾದರೂ ಇದ್ದಾರೆ.

ಬರ್ಲ್ ಈ ಪಂದ್ಯ ಶುರುವಾದ ವರ್ಷದಿಂದ ಆಡುತ್ತಿದ್ದ. ಮೂವತ್ತೊಂದು ವರ್ಷದಲ್ಲಿ ನಾಲ್ಕು ಸಲ ಎರಡನೆಯವನಾಗಿದ್ದ. ಹಲಗೆಯ ಮೇಲೆ ಒಂದು ಸಲವೂ ಇಲ್ಲ. ಹಾಯ್ಟ್ ಮ್ಯಾಡಕ್ಸ್‌ನ ಹೆಸರು ಏಳು ಸಲ ಇದೆ, ಮೊದಲು ತಮ್ಮನ ಜೊತೆ, ಆಮೇಲೆ ಮಗ ಟ್ಯಾನರ್‌ನ ಜೊತೆ. ಹಾಯ್ಟ್ ಕೆಟ್ಟವನಲ್ಲ, ಬಾಯಿ ಮಾತ್ರ ಸ್ವಲ್ಪ ಉದ್ದ.

ಮೊದಲು ಬರ್ಲ್‌ನ ದೋಣಿಯಲ್ಲಿ ಅವನ ಹೆಂಡತಿ ಇಮೊಜೀನ್ ಕೂರುತ್ತಿದ್ದಳು. ಅವಳು ತೀರಿಹೋದ ಮೇಲೆ ಒಂದು ವರ್ಷ ದೋಣಿ ಕೊಟ್ಟಿಗೆಯಲ್ಲೇ ಧೂಳು ತಿಂದಿತು. ಆಗ ಟ್ವೈಲಾ, ಗಂಡನನ್ನು ಬಿಟ್ಟು ತೌರಿನ ಪಕ್ಕದಲ್ಲೇ ಮನೆ ಮಾಡಿಕೊಂಡಿದ್ದವಳು, ಒಂದು ಬೆಳಿಗ್ಗೆ ಅಮ್ಮನ ಟೋಪಿ ಹಾಕಿಕೊಂಡು ಬಂದು ದೋಣಿಯ ಮೇಲಿನ ಹೊದಿಕೆ ಕಿತ್ತೆಸೆದಳು. ಮೊದಲ ಶನಿವಾರ ಗಂಡಸರೆಲ್ಲ ನಕ್ಕರು. "ಇದು ಬಸ್ಸಲ್ಲ ಕಣಮ್ಮ, ಇದಕ್ಕೆ ಬ್ರೇಕಿರಲ್ಲ" ಅಂದ ಒಬ್ಬ. ಮೂರನೇ ಶನಿವಾರ ಅವಳು ಆರು ಪೌಂಡಿನ ಮೀನು ತಂದು ತೂಕದ ಮೇಜಿನ ಮೇಲಿಟ್ಟಳು. ನಗು ಅಲ್ಲಿಗೆ ನಿಂತಿತು. ಅದಾಗಿ ಎಂಟು ವರ್ಷವಾಗಿತ್ತು.

ಈಗ ಆ ವರ್ಷದ ವಿಷಯ. ಜೂನ್ ತಿಂಗಳಲ್ಲಿ ಅಪ್ಪ ದೋಣಿಯ ತಳದ ಬಿರಡೆ ಹಾಕುವುದನ್ನೇ ಮರೆತ. ನೀರಿಗಿಳಿಸಿದ ಐದು ನಿಮಿಷಕ್ಕೆ ಕಾಲಡಿಯಲ್ಲಿ ನೀರು. "ನೀನು ಹಾಕ್ಬೇಕಾಗಿತ್ತು" ಅಂತ ಅವಳ ಮೇಲೆಯೇ ರೇಗಿದ. ಐವತ್ತು ವರ್ಷದಲ್ಲಿ ಆ ಬಿರಡೆಯನ್ನು ಬೇರೆಯವರಿಗೆ ಮುಟ್ಟಲು ಬಿಟ್ಟವನಲ್ಲ. ಆಗಸ್ಟಿನಲ್ಲಿ ತನ್ನ ಮನೆಯ ರಸ್ತೆಯನ್ನೇ ದಾಟಿ ಎರಡು ಮೈಲಿ ಹೋದ ಮೇಲೆ ಗಾಡಿ ನಿಲ್ಲಿಸಿ ಸುಮ್ಮನೆ ಕೂತ. ಪಕ್ಕದಲ್ಲಿದ್ದ ಟ್ವೈಲಾ ಏನೂ ಆಗಿಲ್ಲವೆಂಬಂತೆ "ಅಪ್ಪ, ಗಾಡಿ ತಿರುಗ್ಸು, ಹಸಿವಾಗ್ತಿದೆ" ಅಂದಳು. ಅವನು ತಿರುಗಿಸಿದ. ಇಬ್ಬರೂ ಆ ಮಾತು ಎತ್ತಲಿಲ್ಲ. ಅವಳು ಯಾರಿಗೂ ಹೇಳಲಿಲ್ಲ. ಅವನಿಗೆ ತಿಳಿಸದೆ ನವೆಂಬರ್‌ನಲ್ಲಿ ಡಾಕ್ಟರ ಹತ್ತಿರ ಹೆಸರು ಬರೆಸಿ ಇಟ್ಟಿದ್ದಳು, ಅಷ್ಟೆ.

ಅಂಥ ವರ್ಷವೇ ಅವರಿಗೆ ಒಲಿದು ಬಂತು. ಕೊನೆಯ ಶನಿವಾರದ ಹೊತ್ತಿಗೆ ಹಾರ್ಗೆಟ್‌ರದೂ ಮ್ಯಾಡಕ್ಸ್‌ರದೂ ಅಂಕ ಸರಿಸಮ. ಅವತ್ತು ಇವರಿಬ್ಬರಲ್ಲಿ ಯಾರ ಮೀನು ಹೆಚ್ಚು ತೂಗುತ್ತದೋ ವರ್ಷ ಅವರದು. ಮುಂದಿನ ವರ್ಷ ಅಪ್ಪ ದೋಣಿ ಹತ್ತುತ್ತಾನೋ ಇಲ್ಲವೋ ದೇವರೇ ಬಲ್ಲ. ಹಲಗೆಯ ಮೇಲೆ ಅವನ ಹೆಸರು ಬರಬೇಕಾದರೆ ಈ ವರ್ಷವೇ ಬರಬೇಕು, ಅದನ್ನು ಓದಿ ಇದು ನನ್ನದೇ ಅಂತ ಅವನಿಗೆ ಗೊತ್ತಾಗುವಾಗಲೇ ಬರಬೇಕು. ಟ್ವೈಲಾಗೆ ಬೇರೆ ಆಸೆ ಇರಲಿಲ್ಲ.

ಅವತ್ತು ಬೆಳಗಿನ ಜಾವ ಮಂಜು ಮುಸುಕಿತ್ತು. ದಡದಲ್ಲಿ ಇಪ್ಪತ್ತೇಳು ದೋಣಿ. ವೆಂಡಲ್ ಒಂದೊಂದಕ್ಕೂ ಬಂದು, ಹಿಡಿದ ಮೀನನ್ನು ನೀರಲ್ಲಿ ಜೀವಂತ ಇಡುವ ತೊಟ್ಟಿಯ ಮುಚ್ಚಳ ಎತ್ತಿ, ಒಳಗೆ ಟಾರ್ಚು ಬಿಟ್ಟು, ಖಾಲಿ ಇದೆ ಅಂತ ಖಾತ್ರಿ ಮಾಡಿಕೊಂಡ. ಹಾಯ್ಟ್ ತನ್ನ ದೋಣಿಯಿಂದಲೇ ಕೂಗಿದ.

"ಏನ್ ಬರ್ಲ್, ಎರಡನೇ ಜಾಗದಲ್ಲಿ ನಿನಗೇ ಅಂತ ಕುರ್ಚಿ ಹಾಕ್ಸಿದೀನಿ."

"ನೀನೇ ಕೂತ್ಕೊಳ್ಳಪ್ಪ. ಮಂಡಿ ನೋವು ಅಂತಿದ್ದೆಯಲ್ಲ."

"ಟ್ವೈಲಾ, ನಿಮ್ಮಪ್ಪನ ಬಾಯಿಗೆ ಸ್ವಲ್ಪ ಏನಾದ್ರೂ ತುರುಕಮ್ಮ."

"ತುರುಕಿದೀನಿ ಹಾಯ್ಟಣ್ಣ, ಸಾಸೇಜು ರೊಟ್ಟಿ. ಅದನ್ನ ತಿಂದುಕೊಂಡೂ ಮಾತಾಡ್ತಾನೆ."

ವೆಂಡಲ್ ಟೋಪಿ ತೆಗೆದು ಪ್ರಾರ್ಥನೆ ಮಾಡಿದ. ಆಮೇಲೆ ಕಾಗದ ಹಿಡಿದು, ಎಲ್ಲರಿಗೂ ಬಾಯಿಪಾಠವಾಗಿದ್ದ ನಿಯಮಗಳನ್ನು ಮತ್ತೆ ಓದಿದ. ಮೀನು ಹದಿನೈದು ಇಂಚಿಗೆ ಕಮ್ಮಿ ಇರಬಾರದು. ಮೂರು ಗಂಟೆಗೆ ದಡದಲ್ಲಿರಬೇಕು, ತಡವಾದ ಒಂದೊಂದು ನಿಮಿಷಕ್ಕೂ ಒಂದು ಪೌಂಡು ಕಳೆಯುತ್ತೆ. ತೊಟ್ಟಿಯಲ್ಲಿ ಐದು ಮೀನು, ಐದೇ. ಆರನೆಯದು ಸಿಕ್ಕರೆ ಗಾಳ ಮತ್ತೆ ನೀರಿಗೆ ಬೀಳುವ ಮೊದಲು ಒಂದನ್ನು ಬಿಟ್ಟಿರಬೇಕು. ಆರು ಇಟ್ಟುಕೊಂಡು ಒಂದು ಸಲ ಗಾಳ ಎಸೆದರೂ ಆ ದಿನದ ತೂಕವೆಲ್ಲ ರದ್ದು. ಈ ಕೊನೆಯ ನಿಯಮ ಕಾಗದಕ್ಕೆ ಬಂದಿದ್ದೇ ಬರ್ಲ್‌ನಿಂದ. ಮೊದಲ ವರ್ಷ ಪಟ್ಟು ಹಿಡಿದು ಬರೆಸಿದ್ದ.

ದೋಣಿಗಳು ಹೊರಟವು. ಅಪ್ಪನ ಮಂಡಿ ಸೋತ ಮೇಲೆ ಟ್ವೈಲಾ ಮುಂದೆ ನಿಂತು ಕಾಲಿನಿಂದ ಸಣ್ಣ ಮೋಟಾರು ನಡೆಸುತ್ತಿದ್ದಳು, ಅಪ್ಪ ಹಿಂದೆ, ತೊಟ್ಟಿಯ ಪಕ್ಕದಲ್ಲಿ. ತೊಟ್ಟಿ ಅವನ ರಾಜ್ಯ. ಯಾವ ಮೀನು ಇಡಬೇಕು, ಯಾವುದನ್ನು ಬಿಡಬೇಕು, ಅವನೇ ತೂಗಿ ತೀರ್ಮಾನಿಸುತ್ತಿದ್ದ. ಉಳಿದವರೆಲ್ಲ ಮೀನಿನ ತುಟಿಗೆ ಬಣ್ಣದ ಕ್ಲಿಪ್ಪು ಹಾಕಿ ಗುರುತಿಡುತ್ತಾರೆ. ಟ್ವೈಲಾ ಕೂಡ ಬೇಸಿಗೆಯಲ್ಲಿ ಐದು ಕ್ಲಿಪ್ಪು ತಂದುಕೊಟ್ಟಿದ್ದಳು. "ಬಟ್ಟೆ ಒಣಗಹಾಕೋಕೆ ಇಟ್ಕೊ" ಅಂತ ಅವನು ಸೀಟಿನ ಕೆಳಗೆ ತಳ್ಳಿದ್ದ. ಯಾವ ಮೀನು ಎಷ್ಟು ತೂಕ ಅನ್ನೋದು ಅವನ ತಲೆಯಲ್ಲೇ ಇರುತ್ತಿತ್ತು, ಮೂವತ್ತು ವರ್ಷದಲ್ಲಿ ಒಂದು ಸಲವೂ ತಪ್ಪಿರಲಿಲ್ಲ.

ಹತ್ತು ಗಂಟೆಗೆ ಐದು ಮೀನಾಗಿತ್ತು. ಎಲ್ಲ ಎರಡು, ಎರಡೂವರೆ ಪೌಂಡಿನವು. ಇಷ್ಟರಿಂದ ಹಾಯ್ಟ್‌ನನ್ನು ಸೋಲಿಸಲು ಆಗುವುದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಹನ್ನೊಂದರ ಹೊತ್ತಿಗೆ ಅಪ್ಪ ಮುಳುಗಿದ ಮರದ ಬೊಡ್ಡೆಯ ಹತ್ತಿರ ಮೂರೂವರೆ ಪೌಂಡಿನದೊಂದು ಎಳೆದ, ಸಣ್ಣದೊಂದನ್ನು ಬಿಟ್ಟ. ಹದಿನೈದು ನಿಮಿಷಕ್ಕೆ ಇನ್ನೊಂದು ನಾಲ್ಕರದು. ಸಣ್ಣದನ್ನು ನೀರಿಗೆ ಬಿಡುತ್ತಾ "ಹೋಗಮ್ಮ, ನಿಮ್ಮಜ್ಜಿನ ಕಳ್ಸು" ಅಂದ. ಅವನ ಮುಖ ನೋಡಿ ಟ್ವೈಲಾಗೆ ಹೊಟ್ಟೆ ತಣ್ಣಗಾಯಿತು. ಜೂನ್‌ನಿಂದ ಇಂಥ ಮುಖ ನೋಡಿರಲಿಲ್ಲ.

ಹನ್ನೆರಡೂವರೆಗೆ, ನೀರಲ್ಲಿ ಕಂಬಗಳ ಮೇಲೆ ನಿಂತಿದ್ದ ಒಂದು ಹಳೆಯ ಮರದ ಕಟ್ಟೆಯ ನೆರಳಿಗೆ ಅವಳು ರಬ್ಬರಿನ ಹುಳು ಎಸೆದಳು. ದಾರ ಸುಮ್ಮನೆ ಪಕ್ಕಕ್ಕೆ ಸರಿಯಿತು. ಕೋಲು ಎತ್ತಿದರೆ ಬಂಡೆಗೆ ಸಿಕ್ಕಿಕೊಂಡ ಹಾಗೆ. ಬಂಡೆ ಓಡತೊಡಗಿತು.

"ಅಪ್ಪ, ಬಲೆ."

"ಎಳೀಬೇಡ. ಕಂಬದ ಕಡೆ ಹೋಗ್ತಿದೆ, ಕೋಲು ಕೆಳಗೆ ಮಾಡು. ಕೆಳಗೆ ಕಣೇ!"

ದಾರ ಕಂಬಕ್ಕೆ ಉಜ್ಜಿದ್ದು ಅವಳ ಕೈಗೇ ಗೊತ್ತಾಯಿತು. ಹತ್ತು ಪೌಂಡಷ್ಟೇ ತಡೆಯುವ ದಾರ, ಕಂಬದ ತುಂಬ ಹರಿತವಾದ ಚಿಪ್ಪು. ಕೋಲನ್ನು ನೀರಿನೊಳಗೆ ಅದ್ದಿದಳು. ಒಂದು ಗಳಿಗೆ ಎಲ್ಲ ಸಡಿಲವಾಯಿತು, ಹೋಯಿತು ಅಂದುಕೊಂಡಳು, ಮತ್ತೆ ಭಾರ ಬಂತು. ದೋಣಿಯ ಪಕ್ಕದಲ್ಲಿ ಅದು ಬಾಯಿ ತೆರೆದು ತಲೆ ಒದರಿದಾಗ ಅಪ್ಪನ ಬಲೆ ಅದರ ಕೆಳಗಿತ್ತು. ಐದೂವರೆ ಪೌಂಡಿಗೆ ಕಮ್ಮಿ ಇರಲಿಲ್ಲ. ಅಪ್ಪ ಅದರ ಬಾಯಿಯಿಂದ ಗಾಳ ಬಿಡಿಸಿದ.

"ಸಣ್ಣದನ್ನ ಬಿಡು ಅಪ್ಪ" ಅಂದು ಅವಳು ಮುಂದಕ್ಕೆ ತಿರುಗಿ ಹರಿದ ಹುಳು ಬದಲಾಯಿಸತೊಡಗಿದಳು. ಹಿಂದೆ ಮುಚ್ಚಳ ತೆರೆಯಿತು, ನೀರು ಚಿಮ್ಮಿತು, ಮುಚ್ಚಳ ಮುಚ್ಚಿತು.

"ಆಯ್ತಾ?"

"ಆಯ್ತು ಆಯ್ತು. ಎಸಿ."

ಅವಳು ಎಸೆದಳು.

ಒಂದೂವರೆಗೆ ಬಿಸಿಲು ಚುರುಗುಟ್ಟತೊಡಗಿತು. ತೊಟ್ಟಿಯ ನೀರು ಬಿಸಿಯಾದರೆ ಮೀನು ಸಾಯುತ್ತದೆ, ಸತ್ತ ಮೀನಿಗೆ ತೂಕದಲ್ಲಿ ಕಡಿತ. ಅಪ್ಪ ಒಂಚೂರು ಮುಂದೆ ಬಂದು ಮೋಟಾರು ಹಿಡಿದ, ಟ್ವೈಲಾ ತಣ್ಣನೆ ಪೆಟ್ಟಿಗೆಯಿಂದ ಐಸಿನ ಚೀಲ ಎತ್ತಿಕೊಂಡು ಹಿಂದೆ ಹೋದಳು. ಮುಚ್ಚಳ ಎತ್ತಿ ಐಸು ಸುರಿದಳು. ಮೀನುಗಳು ಬೆನ್ನು ತೋರಿಸಿಕೊಂಡು ಸರಿದಾಡಿದವು. ಅವಳು ಬೇಕೆಂದು ಎಣಿಸಲಿಲ್ಲ, ತಲೆ ತಾನಾಗಿಯೇ ಎಣಿಸಿತು. ಆರು.

 ಮತ್ತೆ ಎಣಿಸಿದಳು. ಮುಂಗೈ ಅದ್ದಿ ಒಂದೊಂದನ್ನೇ ಮುಟ್ಟಿ ಎಣಿಸಿದಳು. ದೊಡ್ಡದು, ನಾಲ್ಕರದು, ಮೂರೂವರೆಯದು, ಆಮೇಲೆ ಎರಡೂವರೆಯ ಎರಡು, ಮೂಲೆಯಲ್ಲಿ ಎರಡರದು ಒಂದು. ಆ ಮೂಲೆಯದು ಒಂದು ಗಂಟೆ ಮೊದಲೇ ಕೆರೆಯಲ್ಲಿರಬೇಕಾಗಿತ್ತು. ಅಪ್ಪ ದೊಡ್ಡದನ್ನು ಒಳಗೆ ಹಾಕಿದವನು ಸಣ್ಣದನ್ನು ತೆಗೆದೇ ಇರಲಿಲ್ಲ. ಆದರೂ ಆಯ್ತು ಅಂದಿದ್ದ. ಸುಳ್ಳು ಹೇಳಿದವನ ಧ್ವನಿಯಲ್ಲ ಅದು, ಮಾಡಿದೆನೆಂದೇ ನಂಬಿದವನ ಧ್ವನಿ. ಆಮೇಲೆ ಇಬ್ಬರೂ ಸೇರಿ ನೂರು ಸಲವಾದರೂ ಗಾಳ ಎಸೆದಿದ್ದರು.

ಸುತ್ತ ನೋಡಿದಳು. ಒಂದು ದೋಣಿಯೂ ಇಲ್ಲ. ಅಪ್ಪ ಬೆನ್ನು ಹಾಕಿ ನಿಂತಿದ್ದ, ಅವನ ಅಂಗಿಯ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು. ಈಗ ಹೇಳಿದರೆ ಅವನೇ ಮೊದಲು ಗಾಳ ಸುತ್ತಿಡುತ್ತಾನೆ, ದಡಕ್ಕೆ ಹೋಗಿ ನನ್ನ ತೂಕ ರದ್ದು ಮಾಡು ಅನ್ನುತ್ತಾನೆ. ಅದಾದರೂ ಪರವಾಗಿಲ್ಲ. ಆರಿದ್ದವು ಅಂದರೆ ಹೇಗೆ ಅಂತ ಕೇಳುತ್ತಾನೆ. ಮರೆತೆ ಅಂತ ಅವನಿಗೆ ಹೇಳುವವರು ಯಾರು? ಅವನ ಮಗಳೇ ಹೇಳಬೇಕು, ವರ್ಷಕ್ಕೆಲ್ಲ ಅವನು ನಗುತ್ತಿದ್ದ ಒಂದೇ ದಿನ ಹೇಳಬೇಕು.

ಅವಳು ಹೇಳಲಿಲ್ಲ. ಸಣ್ಣದರ ತುಟಿ ಹಿಡಿದೆತ್ತಿ, ಮೆಲ್ಲಗೆ ನೀರಿಗಿಳಿಸಿದಳು. ಆ ಹಾಳು ಮೀನು ಬಾಲ ಬಡಿದು ಸದ್ದು ಮಾಡಿಕೊಂಡೇ ಹೋಯಿತು.

"ಏನದು?" ಅಂದ ಅಪ್ಪ, ತಿರುಗದೆ.

"ಐಸು. ಒಂದು ಗಡ್ಡೆ ಜಾರಿ ಹೊರಗೆ ಬಿತ್ತು."

ಅವನು ನೀರಿನ ಕಡೆಗೇ ನೋಡುತ್ತಾ "ಹೂಂ" ಅಂದ.

ಅಪ್ಪನಿಗೆ ಅವಳು ಹದಿನಾರನೇ ವಯಸ್ಸಿನಿಂದ ಈಚೆಗೆ ಸುಳ್ಳು ಹೇಳಿರಲಿಲ್ಲ. ಆಮೇಲಿನ ಒಂದು ಗಂಟೆ ಅವಳು ಗಾಳ ಎಸೆದಳೋ ಕಲ್ಲೆಸೆದಳೋ ಅವಳಿಗೇ ತಿಳಿಯಲಿಲ್ಲ. ಒಂದು ಮನಸ್ಸು ಹೇಳುತ್ತಿತ್ತು: ಆರನೆಯ ಮೀನಿನಿಂದ ನಮಗೆ ಲಾಭವೇನೂ ಆಗಿಲ್ಲ, ತೂಗುವುದು ಅದೇ ಐದನ್ನು, ಯಾರ ಗಂಟು ಹೋಯಿತು? ಇನ್ನೊಂದು ಮನಸ್ಸು ಏನೂ ಹೇಳುತ್ತಿರಲಿಲ್ಲ, ಸುಮ್ಮನೆ ಅವಳನ್ನು ನೋಡುತ್ತಿತ್ತು. ಅದನ್ನು ತಡೆಯುವುದೇ ಕಷ್ಟವಾಗಿತ್ತು.

ವಾಪಸಾಗುವಾಗ ಗಾಳಿ ಎದ್ದಿತ್ತು. ಅಲೆಗಳ ಮೇಲೆ ದೋಣಿ ಕುಕ್ಕಿ ಕುಕ್ಕಿ ಹೋಗುತ್ತಿತ್ತು, ಮೂರಕ್ಕೆ ಒಂಬತ್ತು ನಿಮಿಷವಿತ್ತು. ಜೋರಾಗಿ ಹೋದರೆ ಮೀನು ಸಾಯುತ್ತದೆ, ನಿಧಾನವಾದರೆ ಪೌಂಡು ಹೋಗುತ್ತದೆ. ಟ್ವೈಲಾ ಹಲ್ಲು ಕಚ್ಚಿ ದೋಣಿ ತಿರುಗಿಸುವ ಚಕ್ರ ಹಿಡಿದಿದ್ದಳು. ಪಕ್ಕದಲ್ಲಿ ಅಪ್ಪ ಒಂದು ಮಾತೂ ಆಡಲಿಲ್ಲ. ಬೇರೆ ದಿನವಾಗಿದ್ದರೆ ಎಡಕ್ಕೆ ತಗೊ, ಬಲಕ್ಕೆ ತಗೊ ಅಂತ ಜೀವ ತಿನ್ನುತ್ತಿದ್ದ. ಈಗ ಬೆರಳು ಮಡಚುತ್ತಾ, ಬಿಚ್ಚುತ್ತಾ, ತುಟಿ ಆಡಿಸುತ್ತಾ ಕೂತಿದ್ದ. ಪ್ರಾರ್ಥನೆ ಮಾಡುತ್ತಿದ್ದಾನೆ ಅಂದುಕೊಂಡಳು. ಎರಡು ನಿಮಿಷ ಉಳಿದಿರುವಾಗ ದಡ ಮುಟ್ಟಿದರು.

ಹಾಯ್ಟ್ ಮತ್ತು ಟ್ಯಾನರ್ ಆಗಲೇ ತೂಗಿಸಿದ್ದರು: ಹದಿನೇಳು ಪೌಂಡು. ದಡದ ತುಂಬ ಜನ, ಮಕ್ಕಳು, ಬೇಯಿಸಿದ ಕಡಲೆಕಾಯಿಯ ಹಬೆ. ಟ್ವೈಲಾ ಮೀನಿನ ಚೀಲ ಹಿಡಿದು ಸಾಲಿನಲ್ಲಿ ನಿಂತಳು. ಈಗ ಹೇಳು, ಈಗ ಹೇಳು ಅಂತ ಎದೆ ಬಡಿದುಕೊಳ್ಳುತ್ತಿತ್ತು. ಮುಂದಿನವರು ತೂಗಿಸಿ ಹೋದರು. ವೆಂಡಲ್ ಕೈ ಚಾಚಿದ. ಚೀಲ ಅವಳ ಕೈಯಿಂದ ಹೋಯಿತು.

"ಐದು ಮೀನು, ಐದೂ ಬದುಕಿವೆ" ಅಂತ ವೆಂಡಲ್ ಮೈಕಿನಲ್ಲಿ ಕೂಗಿದ. ತೂಕದ ಅಂಕಿ ಮೇಲೆ ಕೆಳಗೆ ಆಡಿತು, ಎಲ್ಲರೂ ಕತ್ತು ಚಾಚಿದರು, ಅಂಕಿ ನಿಂತಿತು. ಹದಿನೇಳು ಮುಕ್ಕಾಲು.

ಚಪ್ಪಾಳೆ ಬಿತ್ತು. ಯಾರೋ ಸಿಳ್ಳೆ ಹೊಡೆದರು. ಹಾಯ್ಟ್ ಬಂದು ಬರ್ಲ್‌ನ ಕೈ ಕುಲುಕಿ, "ಮೂವತ್ತೊಂದು ವರ್ಷ ಬೇಕಾಯ್ತಲ್ಲೋ ಮುದುಕ. ಕುರ್ಚಿ ನಾನೇ ತಗೊಂಡೋಗ್ತೀನಿ ಬಿಡು" ಅಂದ. ನಗುತ್ತಲೇ ಅಂದ, ಆದರೆ ಅವನ ಕಣ್ಣಲ್ಲಿ ನೀರಾಡಿದ್ದನ್ನು ಟ್ವೈಲಾ ಕಂಡಳು. ಅಪ್ಪ ಮಾತ್ರ ನಗಲಿಲ್ಲ. ಟೋಪಿ ಕೈಯಲ್ಲಿ ಹಿಡಿದುಕೊಂಡು ದಾರಿ ತಪ್ಪಿದವನ ಹಾಗೆ ನಿಂತಿದ್ದ.

ಕೊನೆಯ ಪಂದ್ಯಕ್ಕೆ ಇನ್ನೊಂದು ವಿಧಿ ಇದೆ. ಗೆದ್ದ ಜೋಡಿಯಲ್ಲಿ ಒಬ್ಬರು ಸುಳ್ಳು ಹಿಡಿಯುವ ಯಂತ್ರದ ಮುಂದೆ ಕೂರಬೇಕು. ನಿವೃತ್ತ ಪೊಲೀಸೊಬ್ಬ ಪೆಟ್ಟಿಗೆ ತಂದು ವೆಂಡಲ್‌ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಅಣಿ ಮಾಡಿಕೊಂಡಿರುತ್ತಾನೆ. ಯಾರು ಕೂರಬೇಕೆನ್ನುವುದಕ್ಕೆ ಚೀಟಿ. ವೆಂಡಲ್ ಎರಡು ಚೀಟಿ ಟೋಪಿಗೆ ಹಾಕಿ ಅಲ್ಲಾಡಿಸಿದ. ಟ್ವೈಲಾಳ ಹೆಸರು ಬಂದರೆ ಕತೆ ಮುಗಿಯಿತು. ಆ ಯಂತ್ರ ಬೇಕಾಗಿಯೇ ಇಲ್ಲ, ಅವಳ ಮುಖವೇ ಸಾಕು.

"ಬರ್ಲ್ ಹಾರ್ಗೆಟ್" ಅಂತ ಓದಿದ ವೆಂಡಲ್.

ಟ್ವೈಲಾ ಅಂದುಕೊಂಡಳು: ಉಳಿದೆವು. ಯಂತ್ರ ಸುಳ್ಳನ್ನು ಹಿಡಿಯುತ್ತದೆ. ಅಪ್ಪನ ತಲೆಯಲ್ಲಿ ಸುಳ್ಳೇ ಇಲ್ಲವಲ್ಲ. ಐದು ಅಂತ ನಂಬಿದ್ದಾನೆ, ಐದು ಅನ್ನುತ್ತಾನೆ, ಎದ್ದು ಬರುತ್ತಾನೆ. ಸೋಮವಾರ ವೆಂಡಲ್ ಬಿಳಿ ಬಣ್ಣದ ಡಬ್ಬಿ ತೆರೆಯುತ್ತಾನೆ.

ಅವಳೂ ಹಿಂದೆಯೇ ಒಳಗೆ ಹೋದಳು. ಬಾಗಿಲಲ್ಲಿ ಹಾಯ್ಟ್, ಟ್ಯಾನರ್, ಇನ್ನೂ ಹತ್ತು ಜನ. ಪೊಲೀಸಿನವನು ಬರ್ಲ್‌ನ ಎದೆಗೆ ಪಟ್ಟಿ ಕಟ್ಟುವ ಮುಂಚೆ ಪ್ರಶ್ನೆಗಳನ್ನು ಓದಿ ಹೇಳಿದ, ಆಮೇಲೆ ಯಾರೂ ಗಾಬರಿಯಾಗಬಾರದು ಅಂತ.

"ಸುಲಭ ಇವೆ ಮಿಸ್ಟರ್ ಬರ್ಲ್. ಮೀನೆಲ್ಲ ನೀವೇ ಇವತ್ತೇ ಹಿಡಿದದ್ದಾ? ಬೇರೆಯವರಿಂದ ಏನಾದ್ರೂ ತಗೊಂಡ್ರಾ? ಆಮೇಲೆ, ಇವತ್ತು ಯಾವ ಹೊತ್ತಲ್ಲಾದ್ರೂ ನಿಮ್ಮ ತೊಟ್ಟೀಲಿ ಐದಕ್ಕಿಂತ ಹೆಚ್ಚು ಮೀನಿತ್ತಾ?"

ಅಪ್ಪ ನಿಧಾನವಾಗಿ ಕತ್ತು ತಿರುಗಿಸಿ ಮಗಳನ್ನು ನೋಡಿದ. ನೀನು ಹೇಳು ಅಂತ ಕೇಳುವ ನೋಟ ಅದು. ಎಷ್ಟಿತ್ತು, ನೀನಾದರೂ ಹೇಳು. ಅವನಿಗೆ ಐದೆಂಬ ನಂಬಿಕೆಯೂ ಇಲ್ಲ, ಆರೆಂಬ ಅನುಮಾನವೂ ನೆಟ್ಟಗಿಲ್ಲ. ಈ ಮನುಷ್ಯನ ಎದೆಗೆ ಪಟ್ಟಿ ಕಟ್ಟಿ, ಇಲ್ಲದ ಉತ್ತರವನ್ನು ಹುಡುಕಿಸುವುದನ್ನು ಟ್ವೈಲಾಳಿಂದ ನೋಡಲಾಗಲಿಲ್ಲ.

"ಆರಿತ್ತು" ಅಂದಳು.

ಬಾಗಿಲಲ್ಲಿದ್ದವರೆಲ್ಲ ಅವಳ ಕಡೆ ತಿರುಗಿದರು.

"ನಾನೇ ಹಾಕಿದ್ದು. ದೊಡ್ಡದು ಸಿಕ್ಕ ಗಡಿಬಿಡೀಲಿ ಸಣ್ಣದನ್ನ ತೆಗೀಲಿಲ್ಲ. ಆಮೇಲೆ ನೋಡಿ ಕದ್ದು ಬಿಟ್ಟೆ. ಅಪ್ಪಂಗೆ ಏನೂ ಗೊತ್ತಿಲ್ಲ. ತೂಕ ರದ್ದು ಮಾಡಿ ವೆಂಡಲಣ್ಣ."

ಬಾಗಿಲಲ್ಲಿ ಯಾರೋ "ಛೆ" ಅಂದರು. ಟ್ಯಾನರ್ ನೆಲ ನೋಡಿದ. ಇನ್ನು ಈ ಊರಲ್ಲಿ ತಾನು ಆರು ಮೀನಿನ ಟ್ವೈಲಾ ಅಂತ ಅವಳಿಗೆ ಗೊತ್ತಾಯಿತು. ಆಗಲಿ ಅಂದುಕೊಂಡಳು. ಅದನ್ನು ಹೊತ್ತುಕೊಳ್ಳಬಹುದು.

"ಸುಳ್ಳು" ಅಂದ ಬರ್ಲ್.

"ಅಪ್ಪ, ನೀನು ಸುಮ್ನಿರು."

"ನೀನು ಸುಮ್ನಿರು. ವೆಂಡಲ್, ಇವಳು ಸುಳ್ಳು ಹೇಳ್ತಿದಾಳೆ. ಎಂಟು ವರ್ಷದಲ್ಲಿ ಆ ತೊಟ್ಟಿಗೆ ಒಂದು ಮೀನು ಇವಳ ಕೈಲಿ ಹಾಕ್ಸಿಲ್ಲ ನಾನು. ಬೇಕಾದ್ರೆ ಯಾರನ್ನಾದ್ರೂ ಕೇಳು. ಹಾಕಿದ್ರೆ ನಾನೇ ಹಾಕಿರೋದು." ಅವನು ಕುರ್ಚಿಯ ಕೈ ಹಿಡಿದು ಎದ್ದ. "ನೀರಿಗೆ ಮೀನು ಬಿದ್ದ ಸದ್ದಿಗೂ ಐಸು ಬಿದ್ದ ಸದ್ದಿಗೂ ವ್ಯತ್ಯಾಸ ಗೊತ್ತಾಗಲ್ವಾ ನಂಗೆ? ಕೇಳಿಸ್ತು. ಅಲ್ಲಿಂದ ಇಲ್ಲೀವರ್ಗೂ ಲೆಕ್ಕ ಹಾಕ್ಕೊಂಡೇ ಬಂದೆ. ಎಷ್ಟು ಹಿಡಿದ್ವಿ, ಎಷ್ಟು ಬಿಟ್ವಿ. ಬೆರಳು ಮಡಚಿ ನೋಡಿದೆ. ಬರಲಿಲ್ಲ. ಮೂರಾಗತ್ತೆ, ಅಲ್ಲಿಂದ ಮುಂದೆ ಬರೋದೇ ಇಲ್ಲ."

ಮಡಚಿದ ಮೂರು ಬೆರಳನ್ನು ವೆಂಡಲ್‌ನ ಮುಂದೆ ಹಿಡಿದ.

"ಮರೆತುಹೋಗ್ತಿದೆ ವೆಂಡಲ್" ಅಂದ, ಸಣ್ಣ ಧ್ವನಿಯಲ್ಲಿ. "ಇವತ್ತಷ್ಟೇ ಅಲ್ಲ. ಬೇಸಿಗೆಯಿಂದ. ಎಷ್ಟು ಮೀನಿತ್ತು ಅಂತ ಗೊತ್ತಿಲ್ದೇ ಇರೋನು ಇಲ್ಲಿ ಕೂತು ಐದು ಅನ್ನೋಕಾಗಲ್ಲ. ಹಾಯ್ಟ್, ವರ್ಷ ನಿಂದು. ನನ್ನ ಮಗಳನ್ನ ಕಳ್ಳಿ ಅಂತ ಯಾರಾದ್ರೂ ಅಂದ್ರೆ ನನ್ನ ಹತ್ರ ಬರ್ಲಿ."

ಪೊಲೀಸಿನವನು ಪಟ್ಟಿಯನ್ನು ಮಡಚಿ ಪೆಟ್ಟಿಗೆಯೊಳಗಿಟ್ಟ. ವೆಂಡಲ್ ಜೇಬಿನಿಂದ ಪೆನ್ನು ತೆಗೆದು ಹಾಳೆಯ ಮೇಲೆ ಹಾರ್ಗೆಟ್ ಅನ್ನುವ ಸಾಲಿಗೆ ಅಡ್ಡಗೆರೆ ಎಳೆದ. ಗೆರೆ ಸೊಟ್ಟಗೆ ಹೋಯಿತು. ಹಾಯ್ಟ್ ಹೊರಗೆ ಹೋಗಿ ನಿಂತ. ಗೆದ್ದವನ ಹಾಗೆ ಕಾಣಲಿಲ್ಲ.

ಅಪ್ಪ ಮಗಳು ಮೀನಿನ ಚೀಲ ಹಿಡಿದು ನೀರಿನ ಅಂಚಿಗೆ ಬಂದರು. ತೂಗಿದ ಮೀನನ್ನು ಕೆರೆಗೇ ವಾಪಸು ಬಿಡುವುದು ಇಲ್ಲಿಯ ಪದ್ಧತಿ. ಕಟ್ಟೆಯ ಮೇಲೆ ಕೂತು ಅಪ್ಪ ಒಂದೊಂದನ್ನೇ ಬಿಟ್ಟ. ದೊಡ್ಡದು ಸ್ವಲ್ಪ ಹೊತ್ತು ಅವನ ಕೈಯಲ್ಲೇ ಉಸಿರಾಡಿಕೊಂಡು, ಆಮೇಲೆ ಹೋಯಿತು.

"ಎಷ್ಟು ದಿನದಿಂದ ಗೊತ್ತು ನಿಂಗೆ?"

"ಜೂನ್‌ನಿಂದ."

"ಒಬ್ಬಳೇ ಇಟ್ಕೊಂಡಿದ್ದೆಯಾ?"

"ಹೇಳಿದ್ರೆ ನೀನು ಬೈತಿದ್ದೆ."

"ಬೈತಿದ್ದೆ" ಅಂತ ಒಪ್ಪಿಕೊಂಡ. ಪ್ಯಾಂಟಿಗೆ ಕೈ ಒರೆಸಿಕೊಂಡ. "ಬರೆಯೋಕೇನಾದ್ರೂ ಇದೆಯಾ?"

ಅವಳ ಜೇಬಿನಲ್ಲಿ ತೂಕದ ಚೀಟಿ ಇತ್ತು, ಬಸ್ಸಿನ ಪೆನ್ನಿತ್ತು. "ಏನು ಬರೀಬೇಕು?"

"ತಲೇಲಿ ಇರೋದನ್ನ. ಹೋಗೋಕ್ಮುಂಚೆ. ಬರ್ಕೊ: ಮಾರ್ಚಿ, ಎರಡನೇ ವಾರ. ಹಳೇ ದೋಣಿಕಟ್ಟೆಯಿಂದ ತೆಂಕಕ್ಕೆ, ದಡದಲ್ಲಿ ಎರಡು ದೇವದಾರು ಜೋಡಿ ನಿಂತಿರತ್ತೆ. ಅದಕ್ಕೆ ಬೆನ್ನು ಹಾಕಿ ನಿಂತ್ಕೊ. ಮೂವತ್ತು ಗಜ. ಕೆಳಗೆ ಮುಳುಗಿದ ರಸ್ತೆ ಇದೆ, ರಸ್ತೆ ಅಂಚಲ್ಲಿ ಕಲ್ಲಿನ ಗೋಡೆ..."

ಟ್ವೈಲಾಳ ಪೆನ್ನು ನಿಂತಿತು. ನಮ್ಮೂರಲ್ಲಿ ಗಂಡಸರು ಸಾಯುವಾಗಲೂ ಮೀನಿನ ಜಾಗ ಹೇಳಿ ಸಾಯುವುದಿಲ್ಲ. ಇಮೊಜೀನ್‌ಗೆ ಕೂಡ ಅವನು ಆ ಜಾಗಗಳ ಲೆಕ್ಕ ಕೊಟ್ಟಿರಲಿಲ್ಲ. ದೋಣಿ ನಿಲ್ಲಿಸಿ ಇಲ್ಲಿ ಎಸಿ ಅನ್ನುತ್ತಿದ್ದ, ಅಷ್ಟೇ. ಐವತ್ತು ವರ್ಷ ಹುಡುಕಿ ಹುಡುಕಿ ಕೂಡಿಟ್ಟಿದ್ದು. ಈಗ ಹಿಂದೆ ಹತ್ತು ಗಜದಲ್ಲಿ ಹನ್ನೆರಡು ಜನ ನಿಂತಿದ್ದರು, ಅಪ್ಪ ಧ್ವನಿಯನ್ನೂ ತಗ್ಗಿಸಿರಲಿಲ್ಲ.

"ಅಪ್ಪ, ಮೆಲ್ಲಗೆ. ಎಲ್ಲ ಕೇಳಿಸ್ಕೊಳ್ತಿದಾರೆ."

"ಕೇಳಿಸ್ಕೊಳ್ಳಲಿ. ನೀನು ಬರಿ, ಇಲ್ಲಾಂದ್ರೆ ಮತ್ತೆ ಹೊಳೆಯಲ್ಲ. ಗೋಡೇಲಿ ಒಂದು ಕಡೆ ಸಂದಿದೆ..."

ಟ್ವೈಲಾ ಹಿಂದಿರುಗಿ ನೋಡಿದಳು. ಹಾಯ್ಟ್ ಮ್ಯಾಡಕ್ಸ್ ಎಲ್ಲರಿಗಿಂತ ಹತ್ತಿರ ನಿಂತಿದ್ದ. ಆ ಸಂದು ಎಲ್ಲಿದೆ ಅಂತ ಇಪ್ಪತ್ತು ವರ್ಷ ಬರ್ಲ್‌ನ ದೋಣಿಯ ಬೆನ್ನು ಹತ್ತಿ ತಿರುಗಿದ್ದವನು ಅವನು. ಅವನು ಒಂದು ಗಳಿಗೆ ಕಿವಿಯಾಗಿ ನಿಂತ. ಆಮೇಲೆ ಟೋಪಿಯನ್ನು ಹಣೆಗೆ ಎಳೆದುಕೊಂಡು, ಮಗನ ತೋಳು ಹಿಡಿದು ತಿರುಗಿಸಿದ.

"ನಡೀರೋ, ನಡೀರಿ ಎಲ್ಲ" ಅಂದ, ದನ ಅಟ್ಟುವ ಹಾಗೆ ಎರಡೂ ಕೈ ಬೀಸುತ್ತಾ. "ಅಂಗಡಿ ಕಡೆ ನಡೀರಿ. ಇದು ಅವರ ಮನೆ ಮಾತು."

ಜನ ಸರಿದು ಹೋದರು. ಟ್ವೈಲಾ ಚೀಟಿಯನ್ನು ಮೊಣಕಾಲ ಮೇಲೆ ಇಟ್ಟುಕೊಂಡಳು. ಕಣ್ಣು ಮಂಜಾಗಿ ಅಕ್ಷರ ಒಂದರ ಮೇಲೊಂದು ಏರುತ್ತಿದ್ದವು. ಅಪ್ಪ ಮಾರ್ಚಿನ ಜಾಗಗಳನ್ನು ಮುಗಿಸಿ ಏಪ್ರಿಲ್‌ಗೆ ಬಂದಿದ್ದ.